ತತ್ವಪದಕ್ಕೆ ಬಿಳಿ ಜುಬ್ಬಾ ತೊಡಿಸಿದವರು

2008ರಲ್ಲಿ ‘ಅಂತರಾಗ್ನಿ: ದಿ ರಘು ದೀಕ್ಷಿತ್ ಪ್ರಾಜೆಕ್ಟ್’ ಎಂಬ ಆಲ್ಬಂ ಹೊರಬಂತು. ಮುಂಬೈಯ ಕಂಪನಿಗಳು ವರ್ಷಗಟ್ಟಲೆ ಬೇಡವೆಂದು ವಾಪಸು ಕಳಿಸಿದ್ದ ಹಾಡುಗಳು ಅವು. ಹಿಂದಿ ಸಿನಿಮಾದ ಸಂಗೀತ ಜೋಡಿ ವಿಶಾಲ್–ಶೇಖರ್ ಅವನ್ನು ಒಂದು ಕಾರ್ಯಕ್ರಮದಲ್ಲಿ ಕೇಳಿ, ಕೌಂಟರ್ ಕಲ್ಚರ್ ರೆಕಾರ್ಡ್ಸ್ ಎಂಬ ತಮ್ಮದೇ ಲೇಬಲ್ಲಿನಿಂದ ಪ್ರಕಟಿಸಿದರು. ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ತತ್ವಪದಕಾರ ಶಿಶುನಾಳ ಶರೀಫರ ಎರಡು ಪದಗಳು ಅದರಲ್ಲಿದ್ದವು: ಒಂದು ಗುಡುಗುಡಿಯದು, ಇನ್ನೊಂದು ಸೋರುವ ಮಾಳಿಗೆಯದು. ವೇದಿಕೆಯ ಮೇಲೆ ಹಾಡುವ ರಘು ದೀಕ್ಷಿತರ ಕಾಲಿಗೆ ಗೆಜ್ಜೆ, ಸೊಂಟಕ್ಕೆ ಬಣ್ಣದ ಲುಂಗಿ, ಕೊರಳಿಗೆ ಗಿಟಾರು. ಅಂದಿನಿಂದ ಕನ್ನಡದ ಗೋಷ್ಠಿಗಳಲ್ಲಿ ಒಂದು ತೀರ್ಪು ಕೈಯಿಂದ ಕೈಗೆ ದಾಟುತ್ತ ಬಂದಿದೆ. ಹುಡುಗರು ಕುಣಿಯಲಿಕ್ಕೆ ಅಡ್ಡಿಯಿಲ್ಲ, ಆದರೆ ಶರೀಫಜ್ಜನನ್ನು ಕೆಡಿಸಿಬಿಟ್ಟರು ಎನ್ನುವುದು ಆ ತೀರ್ಪು.

ಬೀದರಿಗೆ ಬಂದರೆ ಇದಕ್ಕೆ ಖಾರ ಹೆಚ್ಚು. ‘ಪದ ಅಂದ್ರ ಕುಂತು ಹಾಡೂದ್ರೀ, ಇವ್ರೇನ್ ವೇಷ ಹಾಕ್ಕೊಂಡು ಕುಣೀಲತ್ಯಾರ’ ಎನ್ನುತ್ತಾರೆ. ಭಜನಾ ಮಂಡಳಿಯವರು, ನಿವೃತ್ತ ಮೇಷ್ಟ್ರುಗಳು, ಜಾನಪದದ ಮೇಲೆ ಪ್ರಬಂಧ ಬರೆದವರು, ಬೇರೆ ಯಾವ ವಿಷಯದಲ್ಲೂ ಒಂದಾಗದವರು ಇಲ್ಲಿ ಒಂದಾಗುತ್ತಾರೆ. ತತ್ವಕ್ಕೆ ಸರಳತೆಯೇ ಲಕ್ಷಣ, ಥಳಕು ಬಂದ ಕಡೆ ತತ್ವ ನಿಲ್ಲದು, ವಿದ್ಯುತ್ ವಾದ್ಯ ಪರದೇಶದ್ದು ಎಂಬುದು ಅವರ ವಾದದ ತಿರುಳು. ಕೇಳಲಿಕ್ಕೆ ಗಂಭೀರವಾಗಿದೆ. ಆದರೆ ಬೀದರ, ಭಾಲ್ಕಿ, ಔರಾದದ ನೆಲದ ಮೇಲೆ ನಿಂತು ಈ ಮಾತು ಆಡಬೇಕಾದರೆ ಕಣ್ಣು ಮುಚ್ಚಿಕೊಂಡೇ ಆಡಬೇಕು.

ಮೊದಲು ‘ಕೆಡಿಸಿದರು’ ಎಂಬ ಮಾತನ್ನೇ ಹಿಡಿಯೋಣ. ಕೆಡಿಸಲಿಕ್ಕೆ ಒಂದು ಮೂಲ ಬೇಕು. ಈ ದೂರುದಾರರ ಕಿವಿಯಲ್ಲಿ ಕೂತಿರುವ ಮೂಲ ಯಾವುದು? ಶರೀಫರು ಬದುಕಿದ್ದು 1819ರಿಂದ 1889ರವರೆಗೆ. ಅವರ ದನಿಯನ್ನು ಕೇಳಿದವರು ಯಾರೂ ಉಳಿದಿಲ್ಲ, ಅದು ಯಾವ ತಟ್ಟೆಯಲ್ಲೂ ಮುದ್ರಣವಾಗಿಲ್ಲ. ಇಂದು ಬೀದರಿನಿಂದ ಚಾಮರಾಜನಗರದವರೆಗೆ ಜನ ‘ಶರೀಫರ ಧಾಟಿ’ ಎಂದು ಗುನುಗುವುದು ಬಹುಪಾಲು ಸಿ. ಅಶ್ವಥ್ ಅವರ ಧಾಟಿ. ಕ್ಯಾಸೆಟ್ ಕಾಲದಲ್ಲಿ ಮನೆಮನೆಗೆ ಹೋದದ್ದು ಅದು, 1990ರಲ್ಲಿ ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಚಿತ್ರದಿಂದ ನಾಡಿನ ಕಿವಿಯಲ್ಲಿ ಗಟ್ಟಿಯಾದದ್ದು ಅದು. ಬೆಂಗಳೂರಿನಲ್ಲಿದ್ದ ಒಬ್ಬ ಪ್ರತಿಭಾವಂತ ಸಂಗೀತ ನಿರ್ದೇಶಕ ಸ್ಟುಡಿಯೋದಲ್ಲಿ ವಾದ್ಯಗೋಷ್ಠಿ ಕೂರಿಸಿ, ಕೋರಸ್ ಹಚ್ಚಿ, ಧ್ವನಿವರ್ಧಕದ ಲೆಕ್ಕ ಹಿಡಿದು ಮಾಡಿದ ಹೊಸ ಸೃಷ್ಟಿ ಅದು. ಸೊಗಸಾದ ಸೃಷ್ಟಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದನ್ನು ಪರಂಪರೆ ಎಂದು ಕರೆದು, ಅದರ ನಂತರ ಬಂದ ಇನ್ನೊಂದು ಸೃಷ್ಟಿಯನ್ನು ಅಪಚಾರ ಎನ್ನುವುದು ಯಾವ ನ್ಯಾಯ? ಎರಡರ ನಡುವೆ ಇರುವುದು ಇಪ್ಪತ್ತು–ಮೂವತ್ತು ವರ್ಷದ ಅಂತರ ಮಾತ್ರ.

ಅಂದ ಹಾಗೆ, ಅಶ್ವಥ್ ಅವರೂ ಕುಂತು ಸಣ್ಣಗೆ ಹಾಡಿದವರಲ್ಲ. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ‘ಕನ್ನಡವೇ ಸತ್ಯ’ ನಡೆದಾಗ ಅವರು ಎರಡೂ ಕೈ ಎತ್ತಿ, ಕೂದಲು ಹಾರಿಸಿ, ಗಂಟಲು ಬಿರಿಯುವಂತೆ ಕೂಗಿ ಜನಸಾಗರವನ್ನು ಕುಣಿಸಿದ್ದನ್ನು ನೋಡಿದವರು ಮರೆತಿರಲಾರರು. ಅದಕ್ಕೆ ರಾಕ್ ಎನ್ನಲು ಕನ್ನಡಿಗರು ಹಿಂಜರಿದರು, ಅಷ್ಟೇ.

ಹಾರ್ಮೋನಿಯಂನ ಕಥೆ ಇನ್ನೂ ತಮಾಷೆಯದು. ಗಿಟಾರು ಪರದೇಶದ್ದು ಎನ್ನುವವರ ಮುಂದೆ ಇರುವ ಪೆಟ್ಟಿಗೆ ಎಲ್ಲಿಂದ ಬಂತು? 19ನೇ ಶತಮಾನದ ಪ್ಯಾರಿಸ್ಸಿನಿಂದ. ವಯಸ್ಸಿನಲ್ಲಿ ಅದು ಶರೀಫರಿಗಿಂತ ಚಿಕ್ಕದು. ಭಾರತೀಯ ಸಂಗೀತಕ್ಕೆ ಇದು ಹೊಂದುವುದಿಲ್ಲ, ಇದರಲ್ಲಿ ಗಮಕ ನುಡಿಯುವುದಿಲ್ಲ, ಇದು ಪರಕೀಯ ಎಂದು ಪಂಡಿತರು ವಾದಿಸಿದ್ದರಿಂದ 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂ ಅನ್ನು ನಿಷೇಧಿಸಿತು. ಆ ನಿಷೇಧ ಸಡಿಲವಾಗಲು 1971 ಬರಬೇಕಾಯಿತು. ಮೂವತ್ತು ವರ್ಷ ಬಾನುಲಿಯ ಬಾಗಿಲಾಚೆ ನಿಂತ ವಾದ್ಯ ಈಗ ಭಾಲ್ಕಿಯ ಭಜನೆಯಲ್ಲಿ ಗುರುವಿನ ಗದ್ದುಗೆ ಏರಿ ಕೂತು, ಇನ್ನೊಂದು ವಾದ್ಯಕ್ಕೆ ‘ನೀನು ಹೊರಗಿನವ’ ಎನ್ನುತ್ತಿದೆ.

ಗೆಜ್ಜೆಯ ಮೇಲಿನ ಸಿಟ್ಟನ್ನು ತಿಳಿಯುವುದು ಕಷ್ಟ. ಯಾಕೆಂದರೆ ಗೆಜ್ಜೆ ಶರೀಫರಿಗೆ ಹೊಸತಲ್ಲ. ಅವರು ಮೊಹರಂನ ರಿವಾಯತ್ ಪದ ಕಟ್ಟಿದವರು. ಉತ್ತರ ಕರ್ನಾಟಕದ ಮೊಹರಂ ಹೆಜ್ಜೆ ಮೇಳ ಹೇಗಿರುತ್ತದೆಂದು ಗೊತ್ತಿದ್ದವರಿಗೆ ಹೇಳಬೇಕಾದ್ದಿಲ್ಲ: ಕಾಲಿಗೆ ಗೆಜ್ಜೆ, ಕೈಗೆ ಬಣ್ಣದ ವಸ್ತ್ರ, ಹಲಗೆಯ ಬಡಿತಕ್ಕೆ ಹೊಂದಿಸಿ ಇಡುವ ಹೆಜ್ಜೆ, ಸುತ್ತ ಕುಣಿಯುತ್ತಲೇ ಕರ್ಬಲದ ದುಃಖವನ್ನು ಎತ್ತಿ ಹಾಡುವ ಗುಂಪು. ಪದ ಹುಟ್ಟಿದ್ದೇ ಮೈಯ ಜೊತೆಗೆ. ಚಾಪೆ ಹಾಸಿ, ಕಾಲು ಮಡಚಿ, ಬಿಳಿ ಜುಬ್ಬಾದ ಮೇಲೆ ಶಾಲು ಹೊದ್ದು ಮೈಕಿನೆದುರು ಹಾಡುವುದು ಬಾನುಲಿ ಮತ್ತು ಸುಗಮ ಸಂಗೀತ ಕಾರ್ಯಕ್ರಮಗಳು ಕಲಿಸಿದ ಭಂಗಿ. ಅದೂ ಒಂದು ವೇಷವೇ. ಎಲ್ಲರೂ ಅದನ್ನೇ ಹಾಕಿಕೊಂಡಿದ್ದರಿಂದ ಕಣ್ಣಿಗೆ ಕಾಣುತ್ತಿಲ್ಲ.

ವೇಷದ ವಿಷಯಕ್ಕೆ ಬಂದರೆ ಬೀದರ ಜಿಲ್ಲೆಗೆ ಯಾರೂ ಪಾಠ ಹೇಳುವ ಅಗತ್ಯವಿಲ್ಲ. ಬೀದರ–ಉದಗೀರ ದಾರಿಯಲ್ಲಿ, ಭಾಲ್ಕಿ ತಾಲ್ಲೂಕಿನ ಖಾನಾಪುರದ ಮೈಲಾರ ಮಲ್ಲಣ್ಣನ ಜಾತ್ರೆಗೆ ಹೋದವರು ಮೈತುಂಬ ಭಂಡಾರ ಹಚ್ಚಿಕೊಂಡೇ ವಾಪಸಾಗುತ್ತಾರೆ. ಅಲ್ಲಿಗೆ ಬರುವ, ಮೈಲಾರನ ಭಕ್ತಗಾಯಕರಾದ ವಾಘ್ಯಾ–ಮುರಳಿಯರ ಹಾಡು ತತ್ವವೋ ಅಲ್ಲವೋ? ಈ ಭಾಗದ ಬೀದಿಗಳಲ್ಲಿ ಚಾಟಿ ಬೀಸುತ್ತ ಬರುವ ಪೋತರಾಜನನ್ನು ಒಮ್ಮೆ ನೆನೆಯಿರಿ. ಬೆನ್ನಿಗಿಳಿದ ಕೂದಲು, ಹಣೆತುಂಬ ಅರಿಶಿನ ಕುಂಕುಮ, ಬರಿ ಮೈ, ಸೊಂಟಕ್ಕೆ ಬಣ್ಣಬಣ್ಣದ ಬಟ್ಟೆಯ ಲಂಗ, ಕಾಲಲ್ಲಿ ಗೆಜ್ಜೆ, ಪಕ್ಕದಲ್ಲಿ ತಲೆಯ ಮೇಲೆ ದೇವಿಯ ಪೆಟ್ಟಿಗೆ ಹೊತ್ತು ವಾದ್ಯ ಉಜ್ಜುವ ಹೆಂಡತಿ. 1970ರ ದಶಕದ ಲಂಡನ್ನಿನ ಥಳಕಿನ ವೇಷಕ್ಕೆ ಹೆಸರಾದ ಯಾವ ಗ್ಲಾಮ್ ರಾಕ್ ಗಾಯಕನೂ ಇಷ್ಟು ಧೈರ್ಯದ ವೇಷ ಹಾಕಿರಲಿಲ್ಲ. ಔರಾದದ ತಾಂಡಾಗಳಲ್ಲಿ ಲಂಬಾಣಿ ಹೆಣ್ಣುಮಕ್ಕಳು ಕನ್ನಡಿ, ಕವಡೆ, ನಾಣ್ಯ ಹೊಲಿದ ಬಟ್ಟೆ ತೊಟ್ಟು ವೃತ್ತ ಕಟ್ಟಿ ಹಾಡುವಾಗ, ಬಿಸಿಲು ಬಿದ್ದರೆ ಎದುರು ನಿಂತವರ ಕಣ್ಣು ಕುಕ್ಕುತ್ತದೆ. ಯಾರೂ ಅವರಿಗೆ ‘ಹಾಡು ಚೆನ್ನಾಗಿದೆ, ಕನ್ನಡಿ ತೆಗೆದು ಹಾಡಿ’ ಎಂದು ಹೇಳಿಲ್ಲ.

ಇಷ್ಟೂ ‘ಜಾನಪದ’, ತತ್ವದ ಮಾತು ಬೇರೆ ಎಂದು ಕೆಲವರು ನುಣುಚಿಕೊಳ್ಳಬಹುದು. ಹಾಗಾದರೆ ಹುಮನಾಬಾದಿನ ಮಾಣಿಕಪ್ರಭುಗಳತ್ತ ನೋಡಬೇಕು. 1817ರಲ್ಲಿ ಹುಟ್ಟಿ 1865ರಲ್ಲಿ ಸಮಾಧಿಸ್ಥರಾದ ಅವರು ಹೆಚ್ಚುಕಡಿಮೆ ಶರೀಫರ ಓರಗೆಯವರು. ಮರಾಠಿ, ಹಿಂದಿ, ಕನ್ನಡ ಎನ್ನದೆ ಪದ ಕಟ್ಟಿದರು. ಎಲ್ಲ ಮತಗಳೂ ಒಂದೇ ಎಂಬ ಸಕಲಮತ ಸಂಪ್ರದಾಯ ಅವರದು. ಆ ಸಂತ ಕೂಡುತ್ತಿದ್ದದ್ದು ದರ್ಬಾರಿನಲ್ಲಿ. ಮಾಣಿಕನಗರದಲ್ಲಿ ಇಂದಿಗೂ ದರ್ಬಾರು ನಡೆಯುತ್ತದೆ, ಗದ್ದುಗೆ ಇದೆ, ವೈಭವ ಇದೆ, ಅದರ ನಡುವೆಯೇ ಸಂಗೀತವೂ ಇದೆ. ಬೀದರ ಪಟ್ಟಣದ ಮಗ್ಗುಲಿನ ಅಷ್ಟೂರಿಗೆ ಹೋದರೆ, 1436ರಲ್ಲಿ ತೀರಿಕೊಂಡ ಬಹಮನಿ ಸುಲ್ತಾನ ಅಹ್ಮದ್ ಷಾ ವಲಿಯ ಗೋರಿಯ ಒಳಗೋಡೆಯೆಲ್ಲ ಬಂಗಾರ, ಸಿಂಧೂರದ ಬಣ್ಣದಲ್ಲಿ ಬರೆದ ಸೂಫಿ ಸಾಲುಗಳು. ಅವನನ್ನು ಅಲ್ಲಮಪ್ರಭುವೆಂದು ನಂಬುವ ಜನ ಉರುಸಿಗೆ ಬರುತ್ತಾರೆ. ಕಲಬುರ್ಗಿ ಜಿಲ್ಲೆಯ ಮಾಡಿಯಾಳದಿಂದ ಜಂಗಮರು ಶಂಖ ಊದುತ್ತ ಬಂದು ಕಾಯಿ ಒಡೆಯುತ್ತಾರೆ. ಬಯಲಿನ ಕವಿ ಅಲ್ಲಮನನ್ನೇ ಬಂಗಾರದ ಬಣ್ಣದ ಗುಮ್ಮಟದ ಕೆಳಗೆ ಕೂರಿಸಿದ ಊರು ಇದು. ಇಲ್ಲಿ ನಿಂತು ಥಳಕಿಗೂ ತತ್ವಕ್ಕೂ ಆಗಿಬರುವುದಿಲ್ಲ ಎನ್ನುವುದೆಂದರೆ ಊರಿನ ಮೇಲೆಯೇ ಅಪವಾದ ಹೊರಿಸಿದಂತೆ.

ಭಾಲ್ಕಿಯವರಿಗೆ ಇನ್ನೂ ಒಂದು ಉತ್ತರ ಇದೆ, ಅದು ಸಂಗೀತದ್ದಲ್ಲ. ನಿಜಾಮನ ಆಡಳಿತದಲ್ಲಿ ಈ ಭಾಗದ ಶಾಲೆಗಳಲ್ಲಿ ಉರ್ದುವೇ ಎಲ್ಲ. ಕನ್ನಡ ಕಲಿಸುವುದೆಂದರೆ ತಂಟೆಗೆ ದಾರಿ. ಮೊದಲು ಔರಾದ ತಾಲ್ಲೂಕಿನಲ್ಲಿದ್ದು ಈಗ ಪ್ರತ್ಯೇಕ ತಾಲ್ಲೂಕಾಗಿರುವ ಕಮಲನಗರದಲ್ಲಿ ಹುಟ್ಟಿದ, ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಆಗ ಮಾಡಿದ್ದೇನು? ಹೊರಗೆ ಉರ್ದು ಫಲಕ ಹಾಕಿಸಿದರು, ಒಳಗೆ ಕನ್ನಡ ಕಲಿಸಿದರು. ಗಡಿಯ ಈ ಮೂಲೆಯಲ್ಲಿ ಕನ್ನಡ ಉಳಿದದ್ದಕ್ಕೆ ಜಿಲ್ಲೆಯ ಪ್ರತಿಯೊಂದು ಸಮ್ಮೇಳನದ ಭಾಷಣದಲ್ಲೂ ಈ ಪ್ರಸಂಗವನ್ನೇ ಸಾಕ್ಷಿ ಹೇಳುತ್ತಾರೆ, ಚಪ್ಪಾಳೆ ತಟ್ಟುತ್ತಾರೆ. ವೇದಿಕೆ ಇಳಿದ ಮೇಲೆ ಅದೇ ಭಾಷಣಕಾರರು, ಹೊರಗಿನ ಉಡುಪು ಬದಲಾದರೆ ಒಳಗಿನ ಕನ್ನಡ ಸತ್ತಿತು ಎಂದು ಗಿಟಾರಿನವರ ಮೇಲೆ ಹರಿಹಾಯುತ್ತಾರೆ. ಇವೆರಡೂ ಒಂದೇ ಬಾಯಲ್ಲಿ ಹೇಗೆ ಹೊಂದಿಕೊಂಡಿವೆಯೋ ತಿಳಿಯದು.

ಥಳಕು ಕಂಡ ಕೂಡಲೇ ಪೊಳ್ಳು ಎನ್ನುವ ರೋಗ ಕನ್ನಡದ್ದಷ್ಟೇ ಅಲ್ಲ. 1971ರಲ್ಲಿ ಟಿ. ರೆಕ್ಸ್ ತಂಡದ ಮಾರ್ಕ್ ಬೋಲನ್ ಕಣ್ಣ ಕೆಳಗೆ ಮಿರುಗು ಹಚ್ಚಿಕೊಂಡು ಬಿಬಿಸಿಯ ‘ಟಾಪ್ ಆಫ್ ದಿ ಪಾಪ್ಸ್’ನಲ್ಲಿ ಕಾಣಿಸಿಕೊಂಡ. ಮರುವರ್ಷ ಡೇವಿಡ್ ಬೋವಿ ಕೆಂಪು ಕೂದಲಿನ ಜಿಗ್ಗಿ ಸ್ಟಾರ್‌ಡಸ್ಟ್ ಆಗಿ ಬಂದ. 1973ರ ಜುಲೈನಲ್ಲಿ ನ್ಯೂಯಾರ್ಕ್ ಡಾಲ್ಸ್ ಎಂಬ ತಂಡದ ಮೊದಲ ಆಲ್ಬಂ ಬಂತು. ಟಾಡ್ ರಂಡ್‌ಗ್ರೆನ್ ನಿರ್ಮಿಸಿದ ಆ ಆಲ್ಬಂನ ಮುಖಪುಟದಲ್ಲಿ ಐದು ಗಂಡಸರು ತುಟಿಗೆ ಬಣ್ಣ ಹಚ್ಚಿ, ಹೆಂಗಸರ ಠೀವಿಯಲ್ಲಿ ಸೋಫಾ ಮೇಲೆ ಕೂತಿದ್ದರು. ಬಿಬಿಸಿಯ ನಿರೂಪಕ ಬಾಬ್ ಹ್ಯಾರಿಸ್ ಅವರನ್ನು ಅಣಕು ರಾಕ್ ಎಂದು ಕ್ಯಾಮೆರಾದ ಮುಂದೆಯೇ ನಕ್ಕು ತಳ್ಳಿಹಾಕಿದ. ಅಮೆರಿಕದ ‘ಕ್ರೀಮ್’ ಪತ್ರಿಕೆಯ ಓದುಗರು ಅದೇ ತಂಡವನ್ನು ಆ ವರ್ಷದ ಅತ್ಯುತ್ತಮ ಹೊಸ ತಂಡವೆಂದೂ ಅತ್ಯಂತ ಕೆಟ್ಟ ಹೊಸ ತಂಡವೆಂದೂ ಆರಿಸಿದರು. ಆಲ್ಬಂ ಹೆಚ್ಚು ಮಾರಾಟವಾಗಲಿಲ್ಲ. ಎರಡೇ ವರ್ಷಕ್ಕೆ ಆ ತಂಡದ ಕೊನೆಗಾಲದಲ್ಲಿ ಅದನ್ನು ನೋಡಿಕೊಂಡ ಮಾಲ್ಕಮ್ ಮೆಕ್ಲಾರೆನ್ ಲಂಡನ್ನಿಗೆ ಮರಳಿ ಸೆಕ್ಸ್ ಪಿಸ್ಟಲ್ಸ್ ತಂಡವನ್ನು ಕಟ್ಟಿ ನಿಲ್ಲಿಸಿದ, ಬ್ರಿಟನ್ನಿನಲ್ಲಿ ಪಂಕ್ ರಾಕ್ ಹುಟ್ಟಿತು. ಡಾಲ್ಸ್ ಆಲ್ಬಂ ಬಂದ ಜುಲೈನಲ್ಲೇ ಕ್ವೀನ್ ತಂಡದ ಚೊಚ್ಚಲ ಆಲ್ಬಂ ಬಂತು. ಅದರ ಮೊದಲ ಹಾಡು ಜನಪ್ರಿಯ ಪಟ್ಟಿಯ ಹತ್ತಿರವೂ ಸುಳಿಯಲಿಲ್ಲ. ಅದರ ಗಾಯಕ ನಮ್ಮ ಪಕ್ಕದ ಮಹಾರಾಷ್ಟ್ರದ ಪಂಚಗಣಿಯಲ್ಲಿ ಓದಿ, ಶಾಲೆಯ ಹುಡುಗರೊಡನೆ ಬ್ಯಾಂಡು ಕಟ್ಟಿದ್ದ ಪಾರ್ಸಿ ಹುಡುಗ ಫಾರೂಖ್ ಬಲ್ಸಾರಾ. ಜಗತ್ತಿಗೆ ಫ್ರೆಡ್ಡಿ ಮರ್ಕ್ಯುರಿ.

ಬಾಬ್ ಹ್ಯಾರಿಸ್‌ನಂಥವರ ನಗುವಿನ ಅಡಿಯಲ್ಲಿ ಒಂದು ಹಳೆಯ ಭಯ ಇದೆ: ಗಂಡಸು ಹೆಂಗಸಿನಂತೆ ಕಾಣಬಾರದು. ರಘು ದೀಕ್ಷಿತ್ ಗಿಟಾರು ಹಿಡಿದದ್ದೇ ಆ ಭಯದಿಂದ ಹುಟ್ಟಿದ ಕುಹಕಕ್ಕೆ ಉತ್ತರವಾಗಿ. ಮೈಸೂರಿನಲ್ಲಿ ಬೆಳೆದು, ಸೂಕ್ಷ್ಮಜೀವಶಾಸ್ತ್ರ ಓದಿದ ಅವರು ಭರತನಾಟ್ಯ ಕಲಿತವರು. ಗಂಡು ಹುಡುಗ ಬಣ್ಣ ಹಚ್ಚಿ ಗೆಜ್ಜೆ ಕಟ್ಟಿ ಕುಣಿಯುವುದೇ ಎಂದು ಕಾಲೇಜಿನ ಗೆಳೆಯನೊಬ್ಬ ಗೇಲಿ ಮಾಡಿದ, ಆ ಹಠದಲ್ಲಿ ತಾನು ಗಿಟಾರು ಕಲಿತೆ ಎಂದು ಅವರೇ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಗಿಟಾರು ಬಂತು, ಆದರೆ ಗೆಜ್ಜೆ ಬಿಡಲಿಲ್ಲ. ಆ ಗೆಜ್ಜೆಯ ಬೆಲೆ ಇರುವುದು ಇಲ್ಲಿ. ಅದನ್ನು ‘ಗಿಮಿಕ್’ ಎಂದವರು ಇಷ್ಟು ಸಣ್ಣ ಸಂಗತಿಯನ್ನೂ ವಿಚಾರಿಸಲಿಲ್ಲ.

ಅವರ ತಮ್ಮ ವಾಸು ದೀಕ್ಷಿತ್ ಹಾಡುವ ಸ್ವರಾತ್ಮ ತಂಡಕ್ಕೂ ಇದೇ ಗತಿ ಬಂತು. 2009ರಲ್ಲಿ ಬಂದ ಅವರ ಚೊಚ್ಚಲ ಆಲ್ಬಂ ಅನ್ನು ಇಂಡಿಯನ್ ಓಷನ್ ತಂಡದ ಅಮಿತ್ ಕಿಲಮ್ ನಿರ್ಮಿಸಿದ್ದರು. ಅದರಲ್ಲೊಂದು ಹಾಡು ಕಾವೇರಿ ಜಲವಿವಾದವನ್ನು ನದಿಯ ಬಾಯಿಂದಲೇ ಹೇಳಿಸುತ್ತದೆ. ಎರಡು ರಾಜ್ಯ ಬಡಿದಾಡುವಾಗ ನದಿಯನ್ನು ಕೇಳಿದವರು ಯಾರು ಎಂಬ ಪ್ರಶ್ನೆಯನ್ನು ರಾಕ್ ತಂಡವೊಂದು ಎತ್ತಿತ್ತು. ಚರ್ಚೆಯಾದದ್ದು? ವೇದಿಕೆಯ ಮೇಲಿನ ಕುದುರೆ! ಹಾಡುಗಾರ ಸೊಂಟಕ್ಕೆ ಸಿಂಗರಿಸಿದ ಕುದುರೆ ಕಟ್ಟಿಕೊಂಡು ಬರುತ್ತಾರಲ್ಲ, ಅದು. ನಮ್ಮ ಜಾತ್ರೆಯ ಕೀಲುಕುದುರೆ ಬೆಂಗಳೂರಿನ ವೇದಿಕೆ ಹತ್ತಿದ ಕೂಡಲೇ ‘ವಿಚಿತ್ರ’ವಾಗಿಬಿಟ್ಟಿತು.

ಸೀಮೆ ದಾಟಿ ಬಂದ ಹೊಗಳಿಕೆಯ ಕಥೆಯನ್ನೂ ಹೇಳಿಬಿಡಬೇಕು. 2010ರಲ್ಲಿ ರಘು ದೀಕ್ಷಿತ್ ತಂಡ ಬಿಬಿಸಿಯ ಜೂಲ್ಸ್ ಹಾಲಂಡ್ ಕಾರ್ಯಕ್ರಮದಲ್ಲಿ ಹಾಡಿತು. ಬ್ರಿಟನ್ನಿನ ಐಟ್ಯೂನ್ಸ್ ವಿಶ್ವಸಂಗೀತ ಪಟ್ಟಿಯಲ್ಲಿ ಆಲ್ಬಂ ಮೊದಲ ಸ್ಥಾನಕ್ಕೆ ಏರಿತು. 2011ರಲ್ಲಿ ಗ್ಲಾಸ್ಟನ್‌ಬರಿ, ಅದೇ ವರ್ಷ ‘ಸಾಂಗ್‌ಲೈನ್ಸ್’ ಪತ್ರಿಕೆಯ ಹೊಸ ಕಲಾವಿದ ಪ್ರಶಸ್ತಿ. ಆಗ ಶರೀಫರನ್ನು ಕೆಡಿಸಿದವರು ರಾತ್ರಿ ಬೆಳಗಾಗುವುದರೊಳಗೆ ಕನ್ನಡದ ರಾಯಭಾರಿಗಳಾದರು. ಹಾಡು ಅದೇ, ಗಿಟಾರು ಅದೇ, ಲುಂಗಿಯೂ ಅದೇ. ಬದಲಾದದ್ದು ಚಪ್ಪಾಳೆಯ ಊರು. ಕೆಡಿಸಿದರು ಎಂದದ್ದಕ್ಕಿಂತ ಈ ಮೆಚ್ಚುಗೆ ಹೆಚ್ಚು ಸೋಮಾರಿತನದ್ದು, ಯಾಕೆಂದರೆ ಆಗಲೂ ಆಲ್ಬಂ ಅನ್ನು ಕೂತು ಕೇಳಿದವರು ಕಡಿಮೆ.

ಗದ್ದಲದಲ್ಲಿ ಪದದ ಅಕ್ಷರ ಕೇಳುವುದಿಲ್ಲ ಎಂಬ ದೂರಿಗೆ ಮಾತ್ರ ಸ್ವಲ್ಪ ಹುರುಳಿದೆ. ತತ್ವಪದದಲ್ಲಿ ಶಬ್ದ ಕಳೆದರೆ ಅರ್ಧ ಕಳೆದಂತೆ. ಆದರೆ ಆ ಆಲ್ಬಂನ ಗುಡುಗುಡಿ ಪದ ಕೇಳಿದವರಿಗೆ ಗೊತ್ತು, ಅಲ್ಲಿ ಪ್ರತಿ ಅಕ್ಷರ ಬಿಡಿಸಿ ಕೇಳುತ್ತದೆ, ತಾಳವಾದ್ಯ ದನಿಯ ಹಿಂದೆಯೇ ನಿಲ್ಲುತ್ತದೆ. ಹಾಗಿದ್ದೂ ಗದ್ದಲ ಎಂದವರು ತಮ್ಮ ಊರ ಮೆರವಣಿಗೆಯಲ್ಲಿ ಡಿಜೆ ಹಚ್ಚಿದಾಗ ಯಾವ ಕಿವಿಯಲ್ಲಿ ಕೇಳುತ್ತಾರೆ? ಮದುವೆಯಿರಲಿ, ಜಯಂತಿಯಿರಲಿ, ಗಣಪತಿ ಬಿಡುವುದಿರಲಿ, ಬೀದರ, ಭಾಲ್ಕಿ, ಔರಾದದ ಬೀದಿಗಳಲ್ಲಿ ಟ್ರ್ಯಾಕ್ಟರ್ ಮೇಲೆ ಪೇರಿಸಿದ ಸ್ಪೀಕರುಗಳು ಕಿಟಕಿಯ ಗಾಜು ನಡುಗಿಸುತ್ತವೆ. ಮೊದಲು ಬ್ಯಾಂಡಿನವರು ಜರಿ ಪಟ್ಟಿಯ ಕೆಂಪು ಕೋಟು ತೊಟ್ಟು ಕ್ಲಾರಿಯೊನೆಟ್ ಊದುತ್ತಿದ್ದರು, ಅವರ ಹೊಟ್ಟೆಯ ಮೇಲೆ ಕಲ್ಲು ಬಿದ್ದಿದೆ. ಸಂಗೀತ ಹಾಳಾಯಿತೆಂದು ಅಳಬೇಕಾದರೆ ಅಲ್ಲಿ ಅಳಬಹುದಿತ್ತು.

ಆಲ್ಬಂ ಮೇಲೆ ಹಾಕಬಹುದಾದ ನಿಜವಾದ ಆರೋಪಗಳಿವೆ, ಅವನ್ನು ಯಾರೂ ಹಾಕಲಿಲ್ಲ ಎನ್ನುವುದೇ ಸೋಜಿಗ. ಅದರ ಇಂಗ್ಲಿಷ್ ಪ್ರೇಮಗೀತೆ ಯಾವ ಊರಿನ ಯಾವ ತಂಡ ಬೇಕಾದರೂ ಬರೆಯಬಹುದಾದ ಹಾಡು. ಗೆಜ್ಜೆಯ ತಾಕತ್ತು ಅದರಲ್ಲಿ ಇಲ್ಲ. ಕನ್ನಡದ ಹೆಸರು ಹೊತ್ತು ಮೆರೆದ ಆಲ್ಬಂನಲ್ಲಿ ಕನ್ನಡದ ಪಾಲು ಸಣ್ಣದು. ಮಾಳಿಗೆಯ ಪದ ಧಾರವಾಡ ಸೀಮೆಯ ಮಣ್ಣಿನದು, ಹಾಡಿದ ನಾಲಿಗೆ ಮೈಸೂರಿನದು. ಮಣ್ಣಿನ ಮಾಳಿಗೆಯ ಮನೆಯಲ್ಲಿ ಮಳೆಗಾಲ ಕಳೆದ ಬೀದರಿನ ಕಿವಿಗೆ ಆ ಅಂತರ ತಟ್ಟುತ್ತದೆ. ವಾದ್ಯ ಬೆಳೆದಷ್ಟು ನುಡಿಯ ಏರಿಳಿತ ಬೆಳೆಯಲಿಲ್ಲ. ಕೂತು ಕೇಳಿದ ವಿಮರ್ಶಕ ಇದನ್ನು ಹೇಳುತ್ತಿದ್ದ. ಲುಂಗಿ ನೋಡಿದವನಿಗೆ ಇದು ಕೇಳಿಸಲಿಲ್ಲ.

ಇನ್ನೊಂದು ಜಗಳ ಬಾಕಿ ಇದೆ, ಅದು ಎಲ್ಲ ರಾಕ್ ತಂಡಗಳ ಜೊತೆ. ಗಿಟಾರಿನವರು ತತ್ವಪದ ಎಂದರೆ ಓಡುವುದು ಶರೀಫರ ಮನೆಗೆ, ಅದೂ ಅಶ್ವಥ್ ಮೊದಲೇ ತೆರೆದಿಟ್ಟ ಬಾಗಿಲಿಗೆ. ಕಲಬುರ್ಗಿ ಸೀಮೆಯ ಕಡಕೋಳ ಮಡಿವಾಳಪ್ಪನ ಪದಗಳಲ್ಲಿ ಇರುವ ಸಿಟ್ಟು, ಬೈಗುಳ, ಹುಚ್ಚು ಯಾವ ಪಂಕ್ ತಂಡಕ್ಕಾದರೂ ಸಾಲುತ್ತದೆ. ಅವನ ಶಿಷ್ಯಪರಂಪರೆಯ ಚನ್ನೂರ ಜಲಾಲಸಾಹೇಬ ಇದ್ದಾನೆ. ಮಾಣಿಕಪ್ರಭುಗಳ ಬಹುಭಾಷೆಯ ಪದಗಳಿವೆ. ಕನಕದಾಸ ಅಧ್ಯಯನ ಮತ್ತು ಸಂಶೋಧನ ಕೇಂದ್ರ ನಾಡಿನ ತತ್ವಪದಗಳನ್ನು ಸಂಪುಟಗಟ್ಟಲೆ ಅಚ್ಚು ಹಾಕಿದೆ. ಹಾಡಿಕೊಂಡು ಬಂದವರು ಬೀದರ ಜಿಲ್ಲೆಯ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಕನ್ನಡ, ಮರಾಠಿ, ದಖನಿ ಮೂರನ್ನೂ ಒಂದೇ ಉಸಿರಿನಲ್ಲಿ ಆಡುವ ಔರಾದದ ಹುಡುಗನಿಗೆ ಈ ಪದಗಳಿಗೆ ಗಿಟಾರು ಹಚ್ಚಲು ಮೈಸೂರಿನ ನಾಲಿಗೆಯೂ ಬೇಕಿಲ್ಲ, ಮುಂಬೈಯ ಲೇಬಲ್ಲೂ ಬೇಕಿಲ್ಲ. ಅವನು ನಾಳೆ ಪೋತರಾಜನ ಲಂಗ ಉಟ್ಟು, ಕಣ್ಣಿಗೆ ಕಾಡಿಗೆ ತೀಡಿಕೊಂಡು ಜಿಲ್ಲಾ ಉತ್ಸವದ ವೇದಿಕೆ ಹತ್ತಿದರೆ, ಮುಂದಿನ ಸಾಲಿನ ಜುಬ್ಬಾದವರು ಮೊದಲು ಕೇಳುವುದು ಅವನು ಯಾರ ಪದ ಹಾಡುತ್ತಿದ್ದಾನೆ ಎಂದೋ, ಏನು ಉಟ್ಟಿದ್ದಾನೆ ಎಂದೋ?